ಏರ್ ಪ್ಯೂರಿಫೈಯರ್ ಕೊಳ್ಳುವ ಮುನ್ನ ಕೋಣೆ ಅಳೆಯಿರಿ: ಮಧ್ಯಮ ಬೆಲೆಯ ಯಂತ್ರ ಆರಿಸುವ ಬಗೆ

ಎಂಟರಿಂದ ಇಪ್ಪತ್ತು ಸಾವಿರ ರೂಪಾಯಿ ಒಳಗಿನ ಏರ್ ಪ್ಯೂರಿಫೈಯರ್‌ಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಎಲ್ಲವೂ ಒಂದೇ ಥರ ಕಾಣುತ್ತವೆ. ಬಿಳಿ ಪ್ಲಾಸ್ಟಿಕ್ ಡಬ್ಬ, ಒಳಗೆ ಫ್ಯಾನು, ಮಡಿಕೆ ಮಡಿಕೆಯಾದ ಫಿಲ್ಟರು, ಮೇಲೆ ಬಣ್ಣ ಬದಲಿಸುವ ದೀಪ. ಆದರೆ ಬೆಲೆಯಲ್ಲಿ ದುಪ್ಪಟ್ಟು ವ್ಯತ್ಯಾಸ. ಅಂಗಡಿಯವರು ತೋರಿಸುವುದು ಮೊಬೈಲ್ ಆ್ಯಪ್, ಯುವಿ ದೀಪ, ಅಯಾನು, ಏಳು ಹಂತದ ಶುದ್ಧೀಕರಣ. ಗಾಳಿ ಶುದ್ಧವಾಗುವುದು ಮಾತ್ರ ಫ್ಯಾನು ಮತ್ತು ಫಿಲ್ಟರು ಇವೆರಡರಿಂದಲೇ. ಹಾಗಾಗಿ ಕೊಳ್ಳುವವರ ಕೈಯಲ್ಲಿ ಮೂರು ಲೆಕ್ಕ ಇದ್ದರೆ ಸಾಕು: ನಿಮ್ಮ ಕೋಣೆಯಲ್ಲಿ ಎಷ್ಟು ಗಾಳಿಯಿದೆ, ನೀವು ನಿದ್ದೆ ಮಾಡಬಲ್ಲ ಸದ್ದಿನಲ್ಲಿ ಯಂತ್ರ ಎಷ್ಟು ಗಾಳಿಯನ್ನು ಸೋಸುತ್ತದೆ, ಮೂರು ವರ್ಷದ ಫಿಲ್ಟರ್ ಖರ್ಚು ಎಷ್ಟು. ಈ ಮೂರನ್ನೂ ಮನೆಯಲ್ಲೇ ಕೂತು ಲೆಕ್ಕ ಹಾಕಬಹುದು.

ಮೊದಲು: ನಿಮಗೆ ಬೇಕೇ?

ದೆಹಲಿ, ನೋಯ್ಡಾ, ಗುರುಗ್ರಾಮದಲ್ಲಿರುವ ಕನ್ನಡಿಗರಿಗೆ ಈ ಪ್ರಶ್ನೆ ಬೇಕಿಲ್ಲ. ನವೆಂಬರಿನಿಂದ ಜನವರಿವರೆಗೆ ಅಲ್ಲಿ ಮಲಗುವ ಕೋಣೆಗೊಂದು ಯಂತ್ರ ಇರಲೇಬೇಕು. ಕರ್ನಾಟಕದಲ್ಲಿ ಮನೆಯಿಂದ ಮನೆಗೆ ಉತ್ತರ ಬೇರೆಯಾಗುತ್ತದೆ. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ನಮ್ಮ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಇವೆ. ಅಂದಮಾತ್ರಕ್ಕೆ ಈ ಊರುಗಳ ಪ್ರತಿ ಮನೆಗೂ ಯಂತ್ರ ಬೇಕು ಎಂದಲ್ಲ. ಬಸ್ಸು ಲಾರಿ ಓಡಾಡುವ ಮುಖ್ಯರಸ್ತೆಗೆ ಕಿಟಕಿ ತೆರೆಯುವ ಮನೆ, ಪಕ್ಕದಲ್ಲೇ ಕಟ್ಟಡ ಏಳುತ್ತಿರುವ ಮನೆ, ಉಬ್ಬಸದ ಮಗುವೋ ಶ್ವಾಸಕೋಶದ ಕಾಯಿಲೆಯ ಹಿರಿಯರೋ ಇರುವ ಮನೆ, ಕಾಂಗ್ರೆಸ್ ಹುಲ್ಲಿನ ಪರಾಗದಿಂದ ಸೀನು ಹತ್ತುವವರ ಮನೆ: ಇಲ್ಲೆಲ್ಲ ಯಂತ್ರ ಕೊಟ್ಟ ಹಣಕ್ಕೆ ಕೆಲಸ ಮಾಡುತ್ತದೆ.

ನಿಮ್ಮ ಬಡಾವಣೆಯ ಗಾಳಿ ಹೇಗಿದೆ ಎಂದು ತಿಳಿಯಲು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮೀರ್ ಆ್ಯಪ್ ಇದೆ. ಪೀಣ್ಯ, ಹೆಬ್ಬಾಳ, ಸಿಲ್ಕ್ ಬೋರ್ಡ್, ಜಯನಗರ 5ನೇ ಬ್ಲಾಕ್ ಮೊದಲಾದ ಕಡೆಯ ಮಾಪನ ಕೇಂದ್ರಗಳ ಅಂಕಿ ಅದರಲ್ಲಿ ಸಿಗುತ್ತದೆ. ಇಲ್ಲೊಂದು ಎಚ್ಚರಿಕೆ. ಗಾಳಿಯ ಗುಣಮಟ್ಟದ ಸೂಚ್ಯಂಕವಾದ ಎಕ್ಯೂಐ ಸಂಖ್ಯೆಯೂ, ಗಾಳಿಯಲ್ಲಿ ತೇಲುವ 2.5 ಮೈಕ್ರಾನ್‌ವರೆಗಿನ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ಸಣ್ಣ ಕಣಗಳ ಅಳತೆಯಾದ ಪಿಎಂ 2.5 ಸಂಖ್ಯೆಯೂ ಒಂದೇ ಅಲ್ಲ. ಭಾರತದ ಮಾಪಕದಲ್ಲಿ ಘನ ಮೀಟರಿಗೆ 60 ಮೈಕ್ರೋಗ್ರಾಂ ಪಿಎಂ 2.5 ಇದ್ದರೆ ಎಕ್ಯೂಐ 100 ಎನ್ನುತ್ತಾರೆ. ಅದೇ ಗಾಳಿಗೆ ಅಮೆರಿಕದ ಮಾಪಕ ಬಳಸುವ ಆ್ಯಪ್ 150 ದಾಟಿಸಿ ತೋರಿಸುತ್ತದೆ. ಒಂದು ಆ್ಯಪ್ ನೋಡಿ ಸಮಾಧಾನ, ಇನ್ನೊಂದು ನೋಡಿ ಗಾಬರಿ ಆಗುವುದು ಇದರಿಂದಲೇ. ಹೋಲಿಸುವಾಗ ಮೈಕ್ರೋಗ್ರಾಂ ಅಂಕಿಯನ್ನೇ ನೋಡಿ. ದಿನದ ಸರಾಸರಿಗೆ ನಮ್ಮ ದೇಶದ ಮಿತಿ 60, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ಇವೆರಡರ ನಡುವಿನ ಅಂತರ ದೊಡ್ಡದು. ಬೆಂಗಳೂರಿನ ಚಳಿಗಾಲದ ಎಷ್ಟೋ ದಿನಗಳು ಇದರ ನಡುವೆಯೇ ಬೀಳುತ್ತವೆ.

ಕೊಳೆ ಹೊರಗಿನಿಂದಲೇ ಬರಬೇಕೆಂದೇನೂ ಇಲ್ಲ. ಬ್ಯಾಡಗಿ ಮೆಣಸಿನಕಾಯಿ ಹುರಿದ ಘಾಟು, ಮುಚ್ಚಿದ ಕೋಣೆಯಲ್ಲಿ ಉರಿಯುವ ಸೊಳ್ಳೆಬತ್ತಿ, ಸಾಂಬ್ರಾಣಿ ಹೊಗೆ ಇವು ಪಿಎಂ 2.5 ಅನ್ನು ನಿಮಿಷಗಳಲ್ಲಿ ಮೂರಂಕಿಗೆ ಏರಿಸುತ್ತವೆ. ರಾತ್ರಿಯೆಲ್ಲ ಸೊಳ್ಳೆಬತ್ತಿ ಹಚ್ಚುವ ಮನೆಯವರು ಮೊದಲು ಕೊಳ್ಳಬೇಕಾದ್ದು ಸೊಳ್ಳೆಪರದೆ. ಅದಕ್ಕೆ ಕೆಲವು ನೂರು ರೂಪಾಯಿ ಸಾಕು, ಪರಿಣಾಮ ಯಂತ್ರಕ್ಕಿಂತ ಹೆಚ್ಚು. ಅಡುಗೆಮನೆಗೆ ಎಕ್ಸಾಸ್ಟ್ ಫ್ಯಾನ್ ಇಲ್ಲದಿದ್ದರೆ ಅದು ಎರಡನೆಯದು.

ಪ್ಯೂರಿಫೈಯರ್‌ನ ಕೈಲಾಗದ ಕೆಲಸಗಳೂ ಇವೆ. ಹಾಸಿಗೆ ದಿಂಬಿನೊಳಗಿನ ಧೂಳುಹುಳಕ್ಕೆ ಬಿಸಿನೀರಲ್ಲಿ ಬಟ್ಟೆ ಒಗೆಯುವುದೇ ದಾರಿ. ಮಲೆನಾಡು, ಕರಾವಳಿಯ ಗೋಡೆಗಳಿಗೆ ಹಿಡಿಯುವ ಬೂಷ್ಟಿನ ಮೂಲ ತೇವ. ತೇವ ಹೋಗದೆ ಬೂಷ್ಟು ಹೋಗದು. ಎಲ್ಲಕ್ಕಿಂತ ಮುಖ್ಯವಾದದ್ದು ಗ್ಯಾಸ್ ಗೀಸರ್. ಅದರಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್ ಅನ್ನು ಮನೆಬಳಕೆಯ ಯಾವ ಪ್ಯೂರಿಫೈಯರೂ ತಡೆಯುವುದಿಲ್ಲ. ಯಂತ್ರ ಇದೆಯೆಂದು ಬಚ್ಚಲಿನ ಕಿಟಕಿ ಮುಚ್ಚಿದರೆ ಪ್ರಾಣಕ್ಕೇ ಅಪಾಯ.

ಟೇಪು ಹಿಡಿದು ಕೋಣೆ ಅಳೆಯಿರಿ

ಪೆಟ್ಟಿಗೆಯ ಮೇಲೆ ಹುಡುಕಬೇಕಾದ ಅಂಕಿ ಸಿಎಡಿಆರ್. ಗಂಟೆಗೆ ಎಷ್ಟು ಘನ ಮೀಟರ್ ಶುದ್ಧ ಗಾಳಿಯನ್ನು ಯಂತ್ರ ಹೊರಬಿಡುತ್ತದೆ ಎಂಬುದರ ಅಳತೆ ಇದು. ಫ್ಯಾನಿನ ಬಲ, ಫಿಲ್ಟರಿನ ಸೋಸುವ ಶಕ್ತಿ ಎರಡೂ ಸೇರಿಯೇ ಈ ಅಂಕಿ ಬರುವುದರಿಂದ ಎರಡು ಯಂತ್ರಗಳನ್ನು ಹೋಲಿಸಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಕೆಲವರು ಇದನ್ನು ನಿಮಿಷಕ್ಕೆ ಘನ ಅಡಿಯ ಲೆಕ್ಕದಲ್ಲಿ, ಅಂದರೆ ಸಿಎಫ್‌ಎಂನಲ್ಲಿ ಕೊಡುತ್ತಾರೆ. ಆಗ 1.7ರಿಂದ ಗುಣಿಸಿಕೊಳ್ಳಿ. ಸಿಎಡಿಆರ್ ಅನ್ನು ಎಲ್ಲಿಯೂ ಹೇಳದ ಯಂತ್ರವನ್ನು, ಎಷ್ಟೇ ಅಗ್ಗವಾಗಿರಲಿ, ಅಲ್ಲಿಗೇ ಬಿಡಿ.

ಇನ್ನು ಕೋಣೆ. ಉದ್ದ, ಅಗಲ, ಎತ್ತರ ಮೂರನ್ನೂ ಅಡಿಯಲ್ಲಿ ಅಳೆದು ಗುಣಿಸಿ 35.3ರಿಂದ ಭಾಗಿಸಿದರೆ ಘನ ಮೀಟರ್ ಸಿಗುತ್ತದೆ. ಮುಚ್ಚಿದ ಕೋಣೆಯ ಗಾಳಿ ಗಂಟೆಗೆ ಐದು ಸಲ ಫಿಲ್ಟರಿನ ಮೂಲಕ ಹಾದು ಹೋಗಬೇಕು ಎಂಬುದು ಒಳ್ಳೆಯ ಗುರಿ. ಅಮೆರಿಕದ ಗೃಹೋಪಕರಣ ತಯಾರಕರ ಸಂಘದ ಸೂತ್ರವೂ ಹೆಚ್ಚು ಕಡಿಮೆ ಇದೇ ಲೆಕ್ಕಕ್ಕೆ ಬಂದು ನಿಲ್ಲುತ್ತದೆ. 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಮಲಗುವ ಕೋಣೆ ತಗೊಳ್ಳಿ. 1,200 ಘನ ಅಡಿ, ಅಂದರೆ 34 ಘನ ಮೀಟರ್. ಅದರ ಐದು ಪಟ್ಟು 170. ಈ ಕೋಣೆಗೆ ಬೇಕಾದ ಸಿಎಡಿಆರ್ ಇಷ್ಟು.

ಸೂರು ಹತ್ತಡಿ ಎತ್ತರ ಇರುವ ಮನೆಗಳಿಗೆ ಇನ್ನೂ ಸುಲಭದ ದಾರಿಯಿದೆ: ಕೋಣೆಯ ಚದರಡಿಯನ್ನು 1.4ರಿಂದ ಗುಣಿಸಿ. 120 ಚದರಡಿಗೆ 168. 12 ಅಡಿ ಅಗಲ, 24 ಅಡಿ ಉದ್ದದ ಹಾಲ್ ಮತ್ತು ಊಟದ ಜಾಗ ಸೇರಿ 288 ಚದರಡಿಯಾದರೆ ಸುಮಾರು 400.

ಈಗ ಪೆಟ್ಟಿಗೆಯ ಮೇಲಿನ ಮಾತಿಗೆ ಬರೋಣ. ಶವೋಮಿಯ ಸ್ಮಾರ್ಟ್ ಏರ್ ಪ್ಯೂರಿಫೈಯರ್ 4ರ ಸಿಎಡಿಆರ್ 400, ಅದು 516 ಚದರಡಿವರೆಗೆ ಸಾಕು ಎಂದು ಕಂಪನಿ ಹೇಳುತ್ತದೆ. ಅದರ ತಮ್ಮ, 4 ಲೈಟ್‌ನ ಸಿಎಡಿಆರ್ 360, ಹೇಳುವ ವಿಸ್ತೀರ್ಣ 462 ಚದರಡಿ. ಈ ಅಂಕಿಗಳಲ್ಲಿ ಸುಳ್ಳಿಲ್ಲ. ಸಿಎಡಿಆರ್ ಅನ್ನು 0.07ರಿಂದ 0.12ರವರೆಗಿನ ಸಂಖ್ಯೆಯಿಂದ ಗುಣಿಸಿ ಚದರ ಮೀಟರ್ ಹೇಳಬಹುದು ಎಂಬುದು ಚೀನಾದ ಮಾನದಂಡ. ಕಂಪನಿಗಳು ಮೇಲಿನ ತುದಿಯನ್ನು ಹಿಡಿಯುತ್ತವೆ. 400ನ್ನು 0.12ರಿಂದ ಗುಣಿಸಿದರೆ 48 ಚದರ ಮೀಟರ್, ಅಂದರೆ 516 ಚದರಡಿ. ಆದರೆ ಹತ್ತಡಿ ಎತ್ತರದ ನಮ್ಮ ಮನೆಯಲ್ಲಿ ಅಷ್ಟು ದೊಡ್ಡ ಜಾಗಕ್ಕೆ ಅದನ್ನಿಟ್ಟರೆ ಗಂಟೆಗೆ ಐದರ ಬದಲು ಮೂರು ಸಲವೂ ಗಾಳಿ ಪೂರ್ತಿ ಸೋಸುವುದಿಲ್ಲ. ಗಂಟೆಗೆ ಐದು ಸಲದ ಲೆಕ್ಕದಲ್ಲಿ ಆ ಯಂತ್ರ ತಾಳುವುದು ಸುಮಾರು 280 ಚದರಡಿ. ಹಾಗಾಗಿ ಯಾವ ಕಂಪನಿಯದೇ ಆಗಲಿ, ‘ಐನೂರು ಚದರಡಿಗೆ ಆರಾಮಾಗಿ ಸಾಕು ಸರ್’ ಎಂದು ಅಂಗಡಿಯಲ್ಲಿ ಹೇಳಿದರೆ ಮನಸ್ಸಿನಲ್ಲೇ ಅರ್ಧ ಮಾಡಿಕೊಳ್ಳಿ. ಈ ಒಂದು ಲೆಕ್ಕ ಮಾಡದೆ ಕೊಂಡು, ಯಂತ್ರ ಏನೂ ಕೆಲಸ ಮಾಡುತ್ತಿಲ್ಲ ಎಂದು ಮೂಲೆಗೆ ತಳ್ಳಿದ ಮನೆಗಳು ಬಹಳ ಇವೆ.

ಹಾಲ್, ಊಟದ ಜಾಗ, ತೆರೆದ ಅಡುಗೆಮನೆ ಎಲ್ಲವೂ ಒಂದೇ ಆಗಿರುವ ಫ್ಲ್ಯಾಟುಗಳಲ್ಲಿ ಇಡೀ ಮನೆಗೊಂದು ಯಂತ್ರ ಸಾಕು ಎಂದುಕೊಳ್ಳಬೇಡಿ. ದಿನಕ್ಕೆ ಏಳೆಂಟು ಗಂಟೆ ಉಸಿರಾಡುವ ಮಲಗುವ ಕೋಣೆಗೆ ಮೊದಲ ಯಂತ್ರ. ಉಬ್ಬಸದ ಮಗು ಬೇರೆ ಕೋಣೆಯಲ್ಲಿ ಮಲಗುವುದಾದರೆ ಮೊದಲನೆಯದು ಆ ಕೋಣೆಗೆ. ಹಾಲ್‌ನದು ಆಮೇಲೆ, ಅದೂ ಕೈಯಲ್ಲಿ ಹಣವಿದ್ದರೆ.

ರಾತ್ರಿ ಎಷ್ಟು ವೇಗದಲ್ಲಿ ಓಡಿಸುತ್ತೀರಿ?

ಪೆಟ್ಟಿಗೆಯ ಮೇಲೆ ಹಾಕುವ ಸಿಎಡಿಆರ್ ಅತಿ ಹೆಚ್ಚು ವೇಗದ್ದು. ಆ ವೇಗದಲ್ಲಿ ಬಹುತೇಕ ಯಂತ್ರಗಳ ಸದ್ದು 60 ಡೆಸಿಬೆಲ್ ಆಸುಪಾಸಿಗೆ ಹೋಗುತ್ತದೆ. ಅಷ್ಟರಲ್ಲಿ ಮಗು ಮಲಗುವುದಿಲ್ಲ, ಹಿರಿಯರು ಎದ್ದು ಸ್ವಿಚ್ ಆರಿಸಿಬಿಡುತ್ತಾರೆ. ಸ್ಲೀಪ್ ಮೋಡ್‌ಗೆ ಹಾಕಿದರೆ ಸದ್ದೇನೋ ಅಡಗುತ್ತದೆ, ಗಾಳಿಯ ಹರಿವೂ ಅದರ ಜೊತೆಗೇ ಬಹಳಷ್ಟು ಇಳಿಯುತ್ತದೆ. 170 ಬೇಕಿದ್ದ ಕೋಣೆಗೆ ಸರಿಯಾಗಿ 170ರ ಯಂತ್ರವನ್ನೇ ತಂದರೆ ರಾತ್ರಿ ಹೊತ್ತು ಸಿಗುವುದು ಅದರ ಒಂದು ಪಾಲು ಮಾತ್ರ.

ಆದ್ದರಿಂದ ನನ್ನ ಖಚಿತ ಸಲಹೆ ಇದು: ಲೆಕ್ಕಕ್ಕೆ ಬಂದ ಸಿಎಡಿಆರ್‌ನ ಸುಮಾರು ಎರಡು ಪಟ್ಟಿನ ಯಂತ್ರ ಕೊಳ್ಳಿ, ಮಧ್ಯದ ವೇಗದಲ್ಲಿ ಓಡಿಸಿ. 120 ಚದರಡಿ ಕೋಣೆಗೆ 300ರಿಂದ 350ರ ಯಂತ್ರ. ಚಿಕ್ಕ ಕೋಣೆಗೆ ದೊಡ್ಡ ಯಂತ್ರ ದಂಡ ಎಂದು ಅನ್ನಿಸಬಹುದು. ಆದರೆ ದೊಡ್ಡದು ನಿಧಾನಕ್ಕೆ ತಿರುಗಿ ಅಷ್ಟೇ ಗಾಳಿಯನ್ನು ಕಡಿಮೆ ಸದ್ದಿನಲ್ಲಿ ಸೋಸುತ್ತದೆ, ಫಿಲ್ಟರಿನ ಹರವು ಹೆಚ್ಚಿರುವುದರಿಂದ ಬೇಗ ಕಟ್ಟಿಕೊಳ್ಳುವುದೂ ಇಲ್ಲ. ಕಂಪನಿಯ ಜಾಲತಾಣದಲ್ಲೋ ಕೈಪಿಡಿಯಲ್ಲೋ ಪ್ರತಿ ವೇಗಕ್ಕೂ ಬೇರೆ ಬೇರೆ ಸಿಎಡಿಆರ್, ಡೆಸಿಬೆಲ್ ಕೊಟ್ಟಿದ್ದರೆ ಅದೃಷ್ಟ. ಇಲ್ಲದಿದ್ದರೆ ಅಂಗಡಿಯಲ್ಲಿ ಮಧ್ಯದ ವೇಗಕ್ಕೆ ಹಾಕಿಸಿ, ಪಕ್ಕದಲ್ಲಿ ನಿಂತು ಮೆಲ್ಲಗೆ ಮಾತಾಡಿ ನೋಡಿ. ದನಿ ಎತ್ತಬೇಕಾಗಿ ಬಂದರೆ ಆ ಯಂತ್ರ ಮಲಗುವ ಕೋಣೆಗೆ ಬೇಡ.

ಆಟೋ ಮೋಡ್ ಅನ್ನು ಪೂರ್ತಿ ನಂಬಬೇಡಿ. ಯಂತ್ರದ ಸೆನ್ಸರ್ ಇರುವುದು ಯಂತ್ರದಲ್ಲೇ, ಅಂದರೆ ಕೋಣೆಯಲ್ಲಿ ಎಲ್ಲಕ್ಕಿಂತ ಶುದ್ಧ ಗಾಳಿ ಇರುವ ಜಾಗದಲ್ಲಿ. ಮಂಚದ ಹತ್ತಿರ ಗಾಳಿ ಇನ್ನೂ ಕೊಳೆಯಾಗಿರುವಾಗಲೇ ಅದು ‘ಸಾಕು’ ಎಂದು ಫ್ಯಾನ್ ಇಳಿಸಿಬಿಡುತ್ತದೆ. ಮಲಗುವ ಅರ್ಧ ಗಂಟೆ ಮುಂಚೆ ಪೂರ್ಣ ವೇಗ, ಮಲಗಿದ ಮೇಲೆ ಮಧ್ಯದ ವೇಗ ಎಂದು ಕೈಯಿಂದಲೇ ಹಾಕುವುದು ಒಳ್ಳೆಯದು. ಕರೆಂಟ್ ಖರ್ಚಿಗೆ ಅಂಜಬೇಕಿಲ್ಲ. 50 ವ್ಯಾಟ್ ಯಂತ್ರ ದಿನಕ್ಕೆ ಎಂಟು ಗಂಟೆ ಓಡಿದರೆ ತಿಂಗಳಿಗೆ 12 ಯೂನಿಟ್.

ಫಿಲ್ಟರ್: ಯಾವ ಮಾತಿಗೆ ಕಿವಿಗೊಡಬೇಕು

ತೀರ ಸಣ್ಣ ಕಣಗಳನ್ನೂ ಹಿಡಿಯುವ ದರ್ಜೆಯ ಫಿಲ್ಟರಿಗೆ ಹೆಪಾ ಎನ್ನುತ್ತಾರೆ. ಪೆಟ್ಟಿಗೆಯ ಮೇಲೆ ಬರೀ ಹೆಪಾ ಎಂದು ಬರೆದಿದೆಯೋ ‘ಹೆಪಾ ಟೈಪ್’, ‘ಹೆಪಾ ಥರದ’ ಎಂದು ಬರೆದಿದೆಯೋ ನೋಡಿ. ಎರಡನೆಯದಕ್ಕೆ ಯಾವ ಕಟ್ಟುಪಾಡೂ ಇಲ್ಲ. ಯುರೋಪಿನ ಮಾನದಂಡದಲ್ಲಿ ಎಚ್13 ದರ್ಜೆಯ ಫಿಲ್ಟರ್ ಹಿಡಿಯಲು ಅತಿ ಕಷ್ಟವಾದ ಗಾತ್ರದ ಕಣಗಳನ್ನೂ 99.95% ತಡೆಯಬೇಕು, ಅಮೆರಿಕದ ಲೆಕ್ಕದಲ್ಲಿ 0.3 ಮೈಕ್ರಾನ್ ಕಣಗಳನ್ನು 99.97%. ‘ನಮ್ಮದು 0.1 ಮೈಕ್ರಾನ್‌ನ್ನೂ ಹಿಡಿಯುತ್ತದೆ’ ಎಂಬ ಜಾಹೀರಾತಿಗೆ ಹೆಚ್ಚು ಹಣ ಕೊಡಬೇಡಿ. ದೊಡ್ಡ ಕಣಗಳು ನೇರ ಹೋಗಿ ಫಿಲ್ಟರಿನ ಎಳೆಗೆ ಬಡಿಯುತ್ತವೆ, ತೀರ ಸಣ್ಣವು ಗಾಳಿಯಲ್ಲಿ ಅತ್ತಿತ್ತ ತೊನೆದಾಡುತ್ತ ಎಳೆಗೆ ಅಂಟಿಕೊಳ್ಳುತ್ತವೆ. ನಡುವಿನ 0.3ರ ಸುತ್ತಮುತ್ತಲಿನವೇ ತಪ್ಪಿಸಿಕೊಳ್ಳುವುದರಲ್ಲಿ ನಿಸ್ಸೀಮ. ಅದನ್ನು ಹಿಡಿಯುವ ಫಿಲ್ಟರಿಗೆ 0.1 ಕಷ್ಟವಲ್ಲ.

ದರ್ಜೆಯ ಜಗಳಕ್ಕೂ ಒಂದು ಮಿತಿಯಿದೆ. ಎಚ್13 ಫಿಲ್ಟರ್ ಇರುವ, ಸಿಎಡಿಆರ್ 200ರ ಯಂತ್ರಕ್ಕಿಂತ ಒಂದು ದರ್ಜೆ ಕೆಳಗಿನ ಇ12 ಫಿಲ್ಟರ್ ಇರುವ, ಸಿಎಡಿಆರ್ 350ರ ಯಂತ್ರ ನಿಮ್ಮ ಕೋಣೆಯನ್ನು ಬೇಗ ಶುದ್ಧ ಮಾಡುತ್ತದೆ. ಮನೆಯಲ್ಲಿ ಗಾಳಿ ಮತ್ತೆ ಮತ್ತೆ ಫಿಲ್ಟರಿಗೆ ಬರುವುದರಿಂದ ಹರಿವೇ ಮುಖ್ಯ.

ಇಂಗಾಲದ ಪದರ ವಾಸನೆಗೆ. ಈ ಬೆಲೆಯ ಹಲವು ಯಂತ್ರಗಳಲ್ಲಿ ಅದು ಕಪ್ಪು ಪುಡಿ ಬಳಿದ ತೆಳು ಹಾಳೆಯಷ್ಟೇ, ಕೆಲವು ತಿಂಗಳಲ್ಲಿ ಅದರ ಶಕ್ತಿ ಮುಗಿಯುತ್ತದೆ. ಹೊಸ ಪೇಂಟು, ಹೊಸ ಪ್ಲೈವುಡ್ ವಾಸನೆ ಇರುವ ಮನೆಗೆ ಕಿಟಕಿ ತೆಗೆಯುವುದಕ್ಕಿಂತ ಒಳ್ಳೆಯ ಉಪಾಯವಿಲ್ಲ. ವಾಸನೆಯೇ ನಿಮ್ಮ ದೊಡ್ಡ ತೊಂದರೆಯಾದರೆ ಕೈಯಲ್ಲಿ ಅಲ್ಲಾಡಿಸಿದಾಗ ಇಂಗಾಲದ ಹರಳು ಸದ್ದು ಮಾಡುವ, ತೂಕದ ಫಿಲ್ಟರ್ ಇರುವ ಯಂತ್ರ ಹುಡುಕಿ.

ಅಯಾನೈಸರ್ ಇದ್ದರೆ ಅದನ್ನು ಆರಿಸುವ ಗುಂಡಿ ಇರಲೇಬೇಕು, ಏಕೆಂದರೆ ಕೆಲವು ಅಯಾನೈಸರ್‌ಗಳು ಓಝೋನ್ ಹುಟ್ಟಿಸುತ್ತವೆ, ಓಝೋನ್ ಉಬ್ಬಸ ಕೆರಳಿಸುತ್ತದೆ. ಯುವಿ ದೀಪ, ಸುಗಂಧದ ತಟ್ಟೆ, ಧ್ವನಿ ಆದೇಶ ಇವಕ್ಕೆ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಕಿಲ್ಲ. ಬರೀ ಬಣ್ಣದ ದೀಪಕ್ಕಿಂತ ಪಿಎಂ 2.5 ಅಂಕಿ ತೋರಿಸುವ ಲೇಸರ್ ಸೆನ್ಸರ್ ಮಾತ್ರ ಬೆಲೆಯುಳ್ಳದ್ದು.

ಮೂರು ವರ್ಷದ ಲೆಕ್ಕ

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮೊದಲ ಯಂತ್ರ ₹8,000, ಫಿಲ್ಟರ್ ₹3,500, ಆರು ತಿಂಗಳಿಗೊಮ್ಮೆ ಬದಲಾವಣೆ. ಎರಡನೆಯದು ₹13,000, ಫಿಲ್ಟರ್ ₹2,500, ವರ್ಷಕ್ಕೊಮ್ಮೆ. ಮೂರು ವರ್ಷದಲ್ಲಿ ಮೊದಲನೆಯದಕ್ಕೆ ಇನ್ನೂ ಐದು ಫಿಲ್ಟರ್ ಬೇಕು: ಒಟ್ಟು ₹25,500. ಎರಡನೆಯದಕ್ಕೆ ಎರಡು: ಒಟ್ಟು ₹18,000. ಅಗ್ಗ ಎಂದು ತಂದದ್ದು ಏಳೂವರೆ ಸಾವಿರ ಹೆಚ್ಚು ತಿಂದಿತು. ಆದ್ದರಿಂದ ಯಂತ್ರದ ಬೆಲೆ ನೋಡುವ ಮೊದಲೇ ಅದರ ಫಿಲ್ಟರಿನ ಬೆಲೆ ನೋಡಿ. ಅದು ಈಗ ಸ್ಟಾಕ್‌ನಲ್ಲಿದೆಯೇ, ಎರಡು ಮೂರು ಕಡೆ ಸಿಗುತ್ತದೆಯೇ ಎಂದೂ ನೋಡಿ. ಫಿಲ್ಟರ್ ಸಿಗದೆ ಹೋದ ಯಂತ್ರ ಬರೀ ಸದ್ದು ಮಾಡುವ ಫ್ಯಾನ್. ಮೈಸೂರು, ಶಿವಮೊಗ್ಗದಂಥ ಊರುಗಳಲ್ಲಿರುವವರು ಸರ್ವಿಸ್ ಸೆಂಟರ್ ಎಲ್ಲಿದೆ ಎಂದು ಮೊದಲೇ ಕೇಳಿಕೊಳ್ಳಿ, ಬೆಂಗಳೂರಿಗೆ ಕಳಿಸಿ ಎನ್ನುವವರೇ ಹೆಚ್ಚು.

ಕೋಣೆಯನ್ನು ಸಿದ್ಧ ಮಾಡಿ

ನಮ್ಮ ಹಳೆಯ ಮನೆಗಳಲ್ಲಿ ಕಿಟಕಿಯ ಮೇಲೆ ಸದಾ ತೆರೆದೇ ಇರುವ ಗವಾಕ್ಷಿ ಇರುತ್ತದೆ. ಅದು ತೆರೆದಿದ್ದರೆ ಒಳಗಿನ ಶುದ್ಧ ಗಾಳಿ ಅಲ್ಲಿಂದ ಹೋಗಿ ಬೀದಿಯ ಗಾಳಿ ಒಳಬರುತ್ತಲೇ ಇರುತ್ತದೆ. ಯಂತ್ರ ಓಡುವಷ್ಟು ಹೊತ್ತು ಅದಕ್ಕೊಂದು ಗಾಜಿನ ಅಥವಾ ಅಕ್ರಿಲಿಕ್ ಹಾಳೆಯ ಮುಚ್ಚಳ ಬೇಕು. ಜಾರುವ ಕಿಟಕಿಗಳ ಸಂದಿಗೆ ಬ್ರಷ್ ಪಟ್ಟಿ, ಬಾಗಿಲಿನ ಕೆಳಸಂದಿಗೆ ರಬ್ಬರ್ ಪಟ್ಟಿ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತವೆ. ಸೀಲಿಂಗ್ ಫ್ಯಾನ್, ಸ್ಪ್ಲಿಟ್ ಎಸಿ ಓಡುತ್ತಿದ್ದರೆ ತೊಂದರೆಯಿಲ್ಲ.

ಹಾಗೆಂದು ದಿನವಿಡೀ ಬಿಗಿದು ಕೂರುವುದೂ ತಪ್ಪು. ಯಂತ್ರ ಕಣ ಹಿಡಿಯುತ್ತದೆ, ಆಮ್ಲಜನಕ ಕೊಡುವುದಿಲ್ಲ, ನಾವು ಉಸಿರಲ್ಲಿ ಬಿಟ್ಟ ಕಾರ್ಬನ್ ಡೈಆಕ್ಸೈಡ್ ತೆಗೆಯುವುದಿಲ್ಲ. ಚಳಿಗಾಲದಲ್ಲಿ ಬೆಳಗಿನ ಜಾವ, ಬೆಳಿಗ್ಗೆ ಗಾಳಿ ನೆಲದ ಹತ್ತಿರವೇ ಕಟ್ಟಿಕೊಂಡಿರುತ್ತದೆ, ಮಧ್ಯಾಹ್ನ ಬಿಸಿಲೇರಿದ ಮೇಲೆ ತಿಳಿಯಾಗುತ್ತದೆ. ಕಿಟಕಿ ತೆರೆಯಲು ಅದೇ ಹೊತ್ತು.

ಯಂತ್ರವನ್ನು ಗೋಡೆಯಿಂದ ಒಂದಡಿಯಾದರೂ ದೂರ ಇಡಿ, ಪರದೆ, ಸೋಫಾದ ಹಿಂದೆ ಬೇಡ. ಒಗ್ಗರಣೆಯ ಎಣ್ಣೆಹೊಗೆ ತಾಗುವಲ್ಲಿ ಇಟ್ಟರೆ ಫಿಲ್ಟರ್ ಜಿಡ್ಡುಗಟ್ಟಿ ಬೇಗ ಹಾಳಾಗುತ್ತದೆ.

ಮನೆಗೆ ಬಂದ ದಿನವೇ ಪರೀಕ್ಷೆ ಮಾಡಿ

ಮೊದಲು ಹಿಂದಿನ ಮುಚ್ಚಳ ತೆಗೆದು ಫಿಲ್ಟರ್ ಹೊರಗೆಳೆಯಿರಿ. ಹೊಸ ಫಿಲ್ಟರ್ ಹೆಚ್ಚಾಗಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಯೇ ಒಳಗಿರುತ್ತದೆ. ಅದನ್ನು ಬಿಚ್ಚದೆ ತಿಂಗಳುಗಟ್ಟಲೆ ಓಡಿಸುವವರಿದ್ದಾರೆ, ಸದ್ದು ಬರುತ್ತದೆ, ದೀಪವೂ ಉರಿಯುತ್ತದೆ, ಗಾಳಿ ಮಾತ್ರ ಸೋಸುವುದಿಲ್ಲ.

ಆಮೇಲೆ ಕೋಣೆಯ ಕಿಟಕಿ ಬಾಗಿಲು ಮುಚ್ಚಿ, ಯಂತ್ರ ಆರಿಸಿಟ್ಟು, ಅದರಿಂದ ದೂರದಲ್ಲಿ ಒಂದು ಊದಿನಕಡ್ಡಿ ಹಚ್ಚಿ. ಸ್ವಲ್ಪ ಹೊತ್ತು ಉರಿಸಿ ಆರಿಸಿ, ಫ್ಯಾನ್ ಹಾಕಿ ಹೊಗೆ ಸಮನಾಗಿ ಹರಡಲು ಬಿಡಿ. ಪ್ರತ್ಯೇಕ ಪಿಎಂ 2.5 ಮೀಟರ್ ಯಾರಾದರೂ ಸ್ನೇಹಿತರ ಬಳಿ ಇದ್ದರೆ ಇಸಿದುಕೊಂಡು ಮಂಚದ ಮೇಲಿಡಿ, ಇಲ್ಲವಾದರೆ ಯಂತ್ರದ ಅಂಕಿಯನ್ನೇ ನೋಡಿ. ಅಂಕಿ ಬರೆದುಕೊಂಡು ಯಂತ್ರವನ್ನು ಪೂರ್ಣ ವೇಗಕ್ಕೆ ಹಾಕಿ. ಗಂಟೆಗೆ ಐದು ಸಲ ಗಾಳಿ ಸೋಸುವ ಯಂತ್ರವಾದರೆ ಅರ್ಧ ಗಂಟೆಯಲ್ಲಿ ಏರಿದ್ದ ಅಂಕಿ ಹತ್ತನೇ ಒಂದು ಪಾಲಿನ ಆಸುಪಾಸಿಗೆ ಬರಬೇಕು. ಐದನೇ ಒಂದು ಪಾಲು ಉಳಿದಿದ್ದರೆ ಅದು ಮೂರು ಸಲದ ಯಂತ್ರ. ಅರ್ಧವೇ ಉಳಿದಿದ್ದರೆ ಕೋಣೆಗೆ ಯಂತ್ರ ಚಿಕ್ಕದು, ಇಲ್ಲವೇ ಗಾಳಿ ಎಲ್ಲಿಂದಲೋ ನುಗ್ಗುತ್ತಿದೆ. ಸಂದಿಗಳನ್ನು ಮುಚ್ಚಿ ಇನ್ನೊಮ್ಮೆ ನೋಡಿ, ಆಗಲೂ ಹಾಗೇ ಇದ್ದರೆ ವಾಪಸು ಮಾಡುವ ಅವಧಿ ಮುಗಿಯುವುದರೊಳಗೆ ಹಿಂದಿರುಗಿಸಿ. ಆನ್‌ಲೈನ್‌ನಲ್ಲಿ ಕೊಳ್ಳುವ ಮೊದಲೇ ಆ ಅವಧಿ ಎಷ್ಟು ದಿನ, ಹಣ ಕೊಡುತ್ತಾರೋ ಬರೀ ಬದಲಿ ಯಂತ್ರ ಕೊಡುತ್ತಾರೋ ಓದಿಕೊಂಡಿರಿ. ಮನೆಯಲ್ಲಿ ಉಬ್ಬಸದವರಿದ್ದರೆ ಈ ಪರೀಕ್ಷೆಯ ಹೊತ್ತಿಗೆ ಅವರು ಹೊರಗಿರಲಿ. ಯಂತ್ರ ಬಂದಿತೆಂದು ಅವರ ಇನ್‌ಹೇಲರ್, ಔಷಧಿಯನ್ನು ವೈದ್ಯರನ್ನು ಕೇಳದೆ ಕಡಿಮೆ ಮಾಡಬೇಡಿ.

ಫಿಲ್ಟರ್ ನೋಡಿಕೊಳ್ಳುವುದು

ಹೊರಗಿನ ಜಾಲರಿ ಪದರವನ್ನು ಎರಡು ವಾರಕ್ಕೊಮ್ಮೆ ವ್ಯಾಕ್ಯೂಮ್ ಅಥವಾ ಮೆತ್ತನೆ ಬ್ರಷ್‌ನಿಂದ ಸ್ವಚ್ಛ ಮಾಡಿ. ಪಕ್ಕದಲ್ಲಿ ಕಟ್ಟಡ ಕೆಲಸ ನಡೆಯುತ್ತಿದ್ದರೆ ವಾರಕ್ಕೊಮ್ಮೆ. ಹೆಪಾ ಪದರವನ್ನು ಮಾತ್ರ ನೀರಿಗೆ ಹಿಡಿಯಬೇಡಿ, ಬಿಸಿಲಲ್ಲಿ ಕೊಡವಲೂ ಬೇಡಿ. ಒದ್ದೆಯಾದರೆ ಎಳೆಗಳು ಒಂದಕ್ಕೊಂದು ಅಂಟಿ ಕೆಡುತ್ತವೆ. ಫಿಲ್ಟರ್ ಬದಲಿಸಿ ಎಂಬ ದೀಪ ಬಹಳಷ್ಟು ಯಂತ್ರಗಳಲ್ಲಿ ಓಡಿದ ಗಂಟೆಗಳನ್ನಷ್ಟೇ ಎಣಿಸುತ್ತದೆ, ಕೊಳೆಯನ್ನಲ್ಲ. ದೆಹಲಿಯ ಚಳಿಗಾಲದಲ್ಲಿ ದೀಪ ಬರುವ ಮೊದಲೇ ಫಿಲ್ಟರ್ ಬೂದುಗಪ್ಪಾಗಿರುತ್ತದೆ, ಮೈಸೂರಿನ ಮರಗಳ ನಡುವಿನ ಮನೆಯಲ್ಲಿ ದೀಪ ಬಂದ ಮೇಲೂ ಇನ್ನಷ್ಟು ದಿನ ಬಾಳುತ್ತದೆ. ಪೂರ್ಣ ವೇಗದಲ್ಲಿ ಹೊರಬರುವ ಗಾಳಿಯ ರಭಸ ಕಡಿಮೆಯಾದಾಗ, ಇಲ್ಲವೇ ಫಿಲ್ಟರಿಗೆ ಮುಗ್ಗಲು ವಾಸನೆ ಬಂದಾಗ ಬದಲಿಸಿ. ಮಳೆಗಾಲವಿಡೀ ಯಂತ್ರ ಓಡಿಸದೆ ಇಡುವ ಕರಾವಳಿ, ಮಲೆನಾಡಿನವರು ಫಿಲ್ಟರನ್ನು ಹೊರತೆಗೆದು, ಒಣಗಿದ, ಗಾಳಿಯಾಡದ ಚೀಲದಲ್ಲಿ ಕಟ್ಟಿಡಿ.

ಬದಲಿ ಫಿಲ್ಟರ್ ಕೊಳ್ಳುವಾಗ ಅರ್ಧ ಬೆಲೆಗೆ ಸಿಗುವ, ಹೆಸರಿಲ್ಲದವುಗಳ ಬಗ್ಗೆ ಎಚ್ಚರ. ಮಡಿಕೆಗಳ ನಡುವೆ ಅಂತರ ಹೆಚ್ಚಿದ್ದು ಹಿಡಿದಾಗ ಹಗುರ ಅನ್ನಿಸಿದರೆ, ಅಂಚಿನ ರಬ್ಬರ್ ಪಟ್ಟಿ ಯಂತ್ರಕ್ಕೆ ಬಿಗಿಯಾಗಿ ಕೂರದಿದ್ದರೆ ಗಾಳಿ ಪಕ್ಕದಿಂದ ನುಸುಳಿ ಹೋಗುತ್ತದೆ. ಹಳೆಯದನ್ನು ತೆಗೆಯುವಾಗ ಮಾಸ್ಕ್ ಹಾಕಿಕೊಂಡು, ಬಾಲ್ಕನಿಯಲ್ಲಿ, ಕೊಡವದೆ ಹಾಗೆಯೇ ಚೀಲಕ್ಕಿಳಿಸಿ ಬಾಯಿ ಕಟ್ಟಿ.